ಕಾಕಾ ಜಾಮೀನು ನಿಂತವನು ಓಡಿಹೋದರೆ ಬೌಂಟಿ ಹಂಟರ್ ಬರುತ್ತಾನಾ?

ಪ್ರಶ್ನೆ: ಸರ್, ನಾನು ಸೇಡಂ ತಾಲ್ಲೂಕಿನ ಹಳ್ಳಿಯವನು. ಈ ವರ್ಷ ಡಿಗ್ರಿ ಮುಗಿಸಿದೆ. ಸಿನಿಮಾ, ವೆಬ್ ಸೀರೀಸ್‌ಗಳಲ್ಲಿ ಬರುವ ಬೌಂಟಿ ಹಂಟರ್, ಅಂದರೆ ಇನಾಮಿಗಾಗಿ ತಲೆಮರೆಸಿಕೊಂಡವರನ್ನು ಹಿಡಿದು ಒಪ್ಪಿಸುವವರ ಕಥೆಗಳೆಂದರೆ ಬಹಳ ಇಷ್ಟ. ಅಂಥವರು ನಿಜವಾಗಿ ಇದ್ದರಾ? ಈಗಲೂ ಇದ್ದಾರಾ? ನಮ್ಮ ದೇಶದಲ್ಲಿ ಆ ಕೆಲಸ ಮಾಡಬಹುದಾ? ಕೇಳಲು ಇನ್ನೊಂದು ಕಾರಣವೂ ಇದೆ. ನಮ್ಮ ಕಾಕಾ ಊರಿನವನೊಬ್ಬನಿಗೆ ಕೋರ್ಟಿನಲ್ಲಿ ಜಾಮೀನು ನಿಂತಿದ್ದಾರೆ. ಆತ ಎರಡು ತಾರೀಖಿಗೆ ಬಂದಿಲ್ಲ. ಪುಣೆಯಲ್ಲಿದ್ದಾನೆ ಅಂತ ಸುದ್ದಿ. '30 ಸಾವಿರ ಕೊಡ್ರಿ, ಎತ್ತಿ ಹಾಕ್ಕೊಂಡು ಬರ್ತೀವಿ' ಅಂತ ಇಬ್ಬರು ಕಾಕಾನ ಹಿಂದೆ ಬಿದ್ದಿದ್ದಾರೆ. ಕೊಡಬಹುದಾ?

ಉತ್ತರ: ತಮ್ಮಾ, ನೀನು ಕೊನೆಗೆ ಕೇಳಿದ್ದಕ್ಕೇ ಮೊದಲು ಉತ್ತರ ಹೇಳುತ್ತೇನೆ. ಆ ಇಬ್ಬರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮನುಷ್ಯನನ್ನು ಬಲವಂತವಾಗಿ ಗಾಡಿಗೆ ಹಾಕಿಕೊಂಡು ಬಂದರೆ ಅದು ಅಪಹರಣ. ರೂಮಿನಲ್ಲಿ ಕೂಡಿಹಾಕಿದರೆ ಅಕ್ರಮ ಬಂಧನ. ಹಣ ಕೊಟ್ಟು ಮಾಡಿಸಿದವರ ಹೆಸರೂ ಆ ಕೇಸಿನಲ್ಲಿ ಸೇರುತ್ತದೆ. ಇವತ್ತು ಜಾಮೀನುದಾರನಾಗಿರುವ ಕಾಕಾ ನಾಳೆ ಆರೋಪಿಯಾಗಿ ನಿಲ್ಲಬೇಕಾಗುತ್ತದೆ. ಅವರಿಗೆ ಕಾನೂನಿನಲ್ಲಿ ಬೇರೆ ದಾರಿ ಇದೆ. ಅದನ್ನು ಕೊನೆಯಲ್ಲಿ ಬಿಡಿಸಿ ಬರೆದಿದ್ದೇನೆ. ಅವಸರವಿದ್ದರೆ ಮೊದಲು ಅದನ್ನೇ ಓದು.

ಈಗ ನಿನ್ನ ಇಷ್ಟದ ವಿಷಯಕ್ಕೆ ಬರೋಣ. ಬೌಂಟಿ ಹಂಟರ್‌ಗಳು ನಿಜವಾಗಿ ಇದ್ದರು, ಈಗಲೂ ಅಮೆರಿಕದಲ್ಲಿ ಇದ್ದಾರೆ. ಅಲ್ಲಿ ಅವರ ಕೆಲಸಕ್ಕೆ ಆಧಾರ ನಿನ್ನ ಕಾಕಾ ಸಹಿ ಮಾಡಿದಂಥದ್ದೇ ಒಂದು ಜಾಮೀನಿನ ಕಾಗದ.

ನ್ಯಾಯಾಧೀಶರು 10 ಸಾವಿರ ಡಾಲರ್ ಜಾಮೀನು ಕೇಳಿದರು ಅಂತಿಟ್ಟುಕೋ. ಆರೋಪಿಯ ಹತ್ತಿರ ಅಷ್ಟು ಹಣವಿಲ್ಲ. ಅಲ್ಲಿ ಜಾಮೀನು ಕೊಡುವ ಅಂಗಡಿಗಳೇ ಇವೆ. ಸಾಮಾನ್ಯವಾಗಿ ನೂರಕ್ಕೆ ಹತ್ತರಂತೆ ಸಾವಿರ ಡಾಲರ್ ಕೊಟ್ಟರೆ ಅಂಗಡಿಯವನು ಪೂರ್ತಿ ಹಣಕ್ಕೆ ಹೊಣೆ ನಿಲ್ಲುತ್ತಾನೆ. ಆ ಸಾವಿರ ವಾಪಸ್ ಬರುವುದಿಲ್ಲ, ಅದು ಅವನ ಗಳಿಕೆ. ಆರೋಪಿ ಓಡಿಹೋದರೆ ಮಾತ್ರ 10 ಸಾವಿರ ಅವನ ತಲೆಗೆ ಬರುತ್ತದೆ. ಅದಕ್ಕೇ ಹುಡುಕಲು ಆಳು ಕಳಿಸುತ್ತಾನೆ. ಹಿಡಿದು ತಂದರೆ ಜಾಮೀನಿನ ಮೊತ್ತದಲ್ಲಿ ಒಂದು ಪಾಲು. ತರದಿದ್ದರೆ ಬರಿಗೈ.

ಈ ಆಳಿಗೆ ಅಧಿಕಾರ ಎಲ್ಲಿಂದ ಬಂತು? 1872ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಟೇಲರ್ ವಿರುದ್ಧ ಟೇಂಟರ್ ಅನ್ನುವ ಕೇಸಿನಲ್ಲಿ ತೀರ್ಪು ಕೊಟ್ಟಿತು. ಜಾಮೀನುದಾರನು ಆರೋಪಿಯನ್ನು ಯಾವಾಗ ಬೇಕಾದರೂ ಹಿಡಿದು ಒಪ್ಪಿಸಬಹುದು, ಬೇರೆ ರಾಜ್ಯಕ್ಕೂ ಬೆನ್ನಟ್ಟಿ ಹೋಗಬಹುದು, ಬೇಕಾದರೆ ಅವನ ಮನೆಯ ಬಾಗಿಲು ಮುರಿಯಬಹುದು, ತನ್ನ ಪರವಾಗಿ ಬೇರೆಯವರನ್ನೂ ಕಳಿಸಬಹುದು ಅಂತ ಅದರಲ್ಲಿ ಬರೆದಿದೆ. ಆ ಕೇಸಿನಲ್ಲಿ ಜಾಮೀನುದಾರರು ಸೋತು ಹಣ ಕಟ್ಟಬೇಕಾಯಿತು. ಅವರ ಆರೋಪಿ ಬೇರೊಂದು ರಾಜ್ಯದ ಕೈಗೆ ಸಿಕ್ಕಿ ಅಲ್ಲಿ ಸೆರೆಯಲ್ಲಿದ್ದರೂ ಕೋರ್ಟು ಬಿಡಲಿಲ್ಲ. ಆದರೆ ತೀರ್ಪಿನ ನಡುವೆ ಬಂದ ಆ ನಾಲ್ಕು ಸಾಲು ಒಂದು ಉದ್ಯೋಗವನ್ನೇ ಸಾಕಿತು. ಈಗ ಹಲವು ರಾಜ್ಯಗಳು ಇದಕ್ಕೆ ಲೈಸೆನ್ಸು, ತರಬೇತಿ ಅಂತ ಕಟ್ಟುಪಾಡು ಹಾಕಿವೆ. ಕೆಂಟಕಿ, ಇಲಿನಾಯ್, ಆರೆಗನ್, ವಿಸ್ಕಾನ್ಸಿನ್ ರಾಜ್ಯಗಳು ಜಾಮೀನಿನ ವ್ಯಾಪಾರವನ್ನೇ ನಿಲ್ಲಿಸಿವೆ. ಅಮೆರಿಕ, ಫಿಲಿಪ್ಪೀನ್ಸ್ ಬಿಟ್ಟರೆ ಈ ವ್ಯಾಪಾರ ಜಗತ್ತಿನಲ್ಲಿ ಹೆಚ್ಚುಕಮ್ಮಿ ಎಲ್ಲೂ ಇಲ್ಲ.

ಅಮೆರಿಕದ ಗಡಿ ದಾಟಿದರೆ ಏನಾಗುತ್ತದೆ ಅನ್ನುವುದಕ್ಕೆ ಡುಯೇನ್ ಚಾಪ್‌ಮನ್ ಪ್ರಸಂಗ ನೋಡು. ಟಿವಿ ಕಾರ್ಯಕ್ರಮದಿಂದ ಹೆಸರು ಮಾಡಿದ ಬೌಂಟಿ ಹಂಟರ್ ಅವನು. ಅತ್ಯಾಚಾರದ ಕೇಸಿನಲ್ಲಿ ತಪ್ಪಿಸಿಕೊಂಡಿದ್ದ ಆಂಡ್ರ್ಯೂ ಲಸ್ಟರ್ ಎಂಬ ಶ್ರೀಮಂತನನ್ನು 2003ರ ಜೂನ್‌ನಲ್ಲಿ ಮೆಕ್ಸಿಕೊದ ಪ್ವೆರ್ಟೊ ವಯಾರ್ಟಾದಲ್ಲಿ ಹಿಡಿದ. ಲಸ್ಟರ್ ಅಮೆರಿಕದ ಜೈಲು ಸೇರಿದ, ಅದು ಆಗಬೇಕಾದದ್ದೇ. ಆದರೆ ಮೆಕ್ಸಿಕೊದಲ್ಲಿ ಬೌಂಟಿ ಬೇಟೆ ಅಪರಾಧ. ಅಲ್ಲಿನ ಪೊಲೀಸರು ಚಾಪ್‌ಮನ್‌ನನ್ನೂ ಹಿಡಿದರು. ಅವನು ಜಾಮೀನಿನ ಮೇಲೆ ಹೊರಬಂದು ದೇಶ ಬಿಟ್ಟ. ಮೂರು ವರ್ಷದ ನಂತರ, 2006ರಲ್ಲಿ, ಅವನದೇ ದೇಶದ ಅಧಿಕಾರಿಗಳು ಆ ಕೇಸಿಗಾಗಿ ಅವನನ್ನು ಬಂಧಿಸಿದರು. ಕಾಲಮಿತಿ ಮುಗಿದದ್ದರಿಂದ ಕೊನೆಗೆ ಕೇಸು ಬಿದ್ದುಹೋಯಿತು. ಅಷ್ಟು ಹೆಸರು, ಹಣ ಇದ್ದವನ ಪಾಡೇ ಹೀಗಾಯಿತು. ನಿನ್ನ ಕಾಕಾನ ಹಿಂದೆ ಬಿದ್ದಿರುವ ಇಬ್ಬರಿಗೆ ಪುಣೆಯಲ್ಲಿ ಏನಾದರೂ ಆದರೆ ಅವರು ಯಾರ ಹೆಸರು ಹೇಳುತ್ತಾರೆ, ನೀನೇ ಯೋಚಿಸು.

ನಮ್ಮ ಕಡೆ ಜಾಮೀನು ನಿಲ್ಲುವವರು ಯಾರು? ಕಾಕಾ, ಮಾಮಾ, ಮನೆ ಪಕ್ಕದವರು, ಜೊತೆಗೆ ಕೂಲಿ ಮಾಡಿದವರು. ಕಲಬುರಗಿ ಕೋರ್ಟಿನಲ್ಲಿ ನಾನು ಮೂವತ್ತು ವರ್ಷದ ಮೇಲೆ ವಕೀಲಿ ಮಾಡಿದ್ದೇನೆ. ಆಳಂದದಿಂದ, ಅಫಜಲಪುರದಿಂದ, ಚಿತ್ತಾಪುರದಿಂದ ಬೆಳಗಿನ ಬಸ್ಸಿಗೆ ಬಂದು, ಮಡಚಿದ ಪಹಣಿ ಕೈಯಲ್ಲಿ ಹಿಡಿದು ಕಟ್ಟೆಯ ಮೇಲೆ ಕೂತಿರುವ ಮುದುಕರನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ನಾಲ್ಕು ಎಕರೆ ತೊಗರಿ ಹೊಲವೇ ಅವರ ಆಸ್ತಿ. ಅದನ್ನೇ ಇನ್ನೊಬ್ಬನಿಗಾಗಿ ಕೋರ್ಟಿನ ಮುಂದೆ ಇಡುತ್ತಾರೆ. ಹಣ ಪಡೆದು ಜಾಮೀನು ನಿಲ್ಲುವ ದಂಧೆಯನ್ನು ನಮ್ಮ ಕಾನೂನು ಒಪ್ಪುವುದಿಲ್ಲ. ಇನ್ನೆಷ್ಟು ಜನರಿಗೆ ಜಾಮೀನು ನಿಂತಿದ್ದೀಯ ಅನ್ನುವುದನ್ನು ಜಾಮೀನುದಾರ ಕೋರ್ಟಿಗೆ ಬರೆದುಕೊಡಲೇಬೇಕು. 'ನಷ್ಟವಾದರೆ ನಾನೇ ತುಂಬಿಕೊಡುತ್ತೇನೆ' ಅಂತ ಆರೋಪಿ ಅವನಿಗೆ ಬರೆದುಕೊಟ್ಟರೂ ಆ ಒಪ್ಪಂದಕ್ಕೆ ಬೆಲೆಯಿಲ್ಲ ಅಂತ ಕೋರ್ಟುಗಳು ಹೇಳಿವೆ. ಹೊಣೆ ಹೊತ್ತವನಿಗೆ ನಿಜವಾದ ಚಿಂತೆ ಇದ್ದರೆ ಮಾತ್ರ ಅವನು ಆರೋಪಿಯ ಮೇಲೆ ಕಣ್ಣಿಟ್ಟಿರುತ್ತಾನೆ ಅನ್ನುವುದು ಇದರ ಹಿಂದಿನ ಯೋಚನೆ.

ಹಿಂದೆ ನನ್ನ ಹತ್ತಿರ ಬಂದಿದ್ದ ಒಬ್ಬ ಹಿರಿಯರು ನೆನಪಾಗುತ್ತಾರೆ. ತಂಗಿಯ ಮಗನಿಗೆ ಜಾಮೀನು ನಿಂತಿದ್ದರು. ಹುಡುಗ ಕಾಣೆಯಾದ. ಇವರು ರೊಟ್ಟಿಬುತ್ತಿ ಕಟ್ಟಿಕೊಂಡು ಸೊಲ್ಲಾಪುರಕ್ಕೆ ಹೋದರು, ಅಲ್ಲಿಂದ ಪುಣೆಗೆ. ಕಟ್ಟಡ ಕೆಲಸದ ಜಾಗಗಳಲ್ಲಿ ಕೇಳುತ್ತಾ ಕೇಳುತ್ತಾ ನಾಲ್ಕನೇ ದಿನ ಅವನನ್ನು ಕಂಡರು. ಕೈಹಿಡಿದು ಎಳೆಯಲಿಲ್ಲ. ಅವನ ಶೆಡ್ಡಿನಲ್ಲೇ ಎರಡು ರಾತ್ರಿ ಮಲಗಿದರು. 'ನನ್ನ ಹೊಲ ಹೋಗ್ತದಪ್ಪಾ' ಅಂತ ಅಷ್ಟೇ ಅಂದರಂತೆ. ಮುಂದಿನ ತಾರೀಖಿಗೆ ಇಬ್ಬರೂ ಒಟ್ಟಿಗೆ ಕೋರ್ಟಿಗೆ ಬಂದರು. ನಮ್ಮಲ್ಲಿ ಬೌಂಟಿ ಹಂಟರ್‌ಗಳು ಯಾಕೆ ಹುಟ್ಟಲಿಲ್ಲ ಅಂತ ಯಾರಾದರೂ ಕೇಳಿದರೆ ನನಗೆ ಆ ಹಿರಿಯರೇ ಕಣ್ಣಮುಂದೆ ಬರುತ್ತಾರೆ. ಆ ಕೆಲಸವನ್ನು ಇಲ್ಲಿ ನಂಟಸ್ತನ ಮಾಡುತ್ತದೆ. ಹಿಂದಿನ ಕಾಲದಲ್ಲಂತೂ ದಖ್ಖನಿನ ಹಳ್ಳಿಗಳಲ್ಲಿ ಕಳ್ಳನ ಹೆಜ್ಜೆ ಯಾವ ಊರಿನ ಎಲ್ಲೆಯಲ್ಲಿ ನಿಂತಿತೋ ಆ ಊರಿನ ಕಾವಲುಗಾರರು ಮುಂದಿನ ಜಾಡು ತೋರಿಸಬೇಕಿತ್ತು. ತೋರಿಸದಿದ್ದರೆ ಊರೇ ನಷ್ಟ ತುಂಬಬೇಕಿತ್ತು.

ಈ ಹತ್ತಿರದ ಸಂಬಂಧಕ್ಕೆ ಇನ್ನೊಂದು ಮುಖವೂ ಇದೆ. ಅದು ನೋವಿನದು. ಸಿನಿಮಾದ ಬೌಂಟಿ ಹಂಟರ್ ಯಾವಾಗಲೂ ಅಪರಿಚಿತ. ಎಲ್ಲಿಂದಲೋ ಕುದುರೆ ಏರಿ ಬರುತ್ತಾನೆ, ಕೆಲಸ ಮುಗಿಸಿ ಹೋಗುತ್ತಾನೆ. ಇತಿಹಾಸ ಓದುತ್ತಾ ಹೋದರೆ ದೊಡ್ಡ ದೊಡ್ಡ ಇನಾಮುಗಳನ್ನು ಪಡೆದವರಲ್ಲಿ ಅಪರಿಚಿತರು ಬಹಳ ಕಡಿಮೆ. ಜೊತೆಗೆ ಉಂಡವರು, ಮನೆಗೆ ಕರೆದವರು, ಮಗ್ಗುಲಲ್ಲಿ ಮಲಗಿದವರೇ ಜಾಸ್ತಿ. ಕೊಡಲಿ ಕಾವು ಕುಲಕ್ಕೆ ಮೂಲ ಅಂತಾರಲ್ಲ, ಹಾಗೆ.

ಅಮೆರಿಕದ ದರೋಡೆಕೋರ ಜೆಸ್ಸಿ ಜೇಮ್ಸ್‌ನ ಕಥೆ ನಿನಗೆ ಗೊತ್ತಿರಬಹುದು. ಬ್ಯಾಂಕು, ರೈಲು ದೋಚುತ್ತಿದ್ದವನು. ಮಿಸೌರಿಯ ಗವರ್ನರ್ ಅವನ ಮೇಲೆ ಸಾವಿರಾರು ಡಾಲರ್ ಇನಾಮು ಇಟ್ಟಿದ್ದರು. ವರ್ಷಗಟ್ಟಲೆ ಪತ್ತೇದಾರರು ಬೆನ್ನಟ್ಟಿದರೂ ಸಿಗಲಿಲ್ಲ. ಕೊನೆಗೆ ತನ್ನದೇ ಗುಂಪಿನ ಬಾಬ್ ಫೋರ್ಡ್ ಮತ್ತು ಅವನ ಅಣ್ಣನನ್ನು ನಂಬಿ ಮನೆಯಲ್ಲಿ ಇಟ್ಟುಕೊಂಡ. 1882ರ ಏಪ್ರಿಲ್ 3ರ ಬೆಳಿಗ್ಗೆ ಸೊಂಟದ ಪಿಸ್ತೂಲುಗಳನ್ನು ಬಿಚ್ಚಿಟ್ಟು, ಗೋಡೆಯ ಮೇಲಿನ ಚಿತ್ರ ಸರಿಮಾಡಲು ಕುರ್ಚಿ ಹತ್ತಿದ. ಬಾಬ್ ಹಿಂದಿನಿಂದ ಗುಂಡು ಹೊಡೆದ. ಕೋರ್ಟು ಆ ಅಣ್ಣತಮ್ಮಂದಿರಿಗೆ ಗಲ್ಲುಶಿಕ್ಷೆ ಕೊಟ್ಟಿತು, ಅದೇ ದಿನ ಗವರ್ನರ್ ಮಾಫಿ ಕೊಟ್ಟರು. ಇನಾಮಿನಲ್ಲಿ ಅವರಿಗೆ ಸಿಕ್ಕಿದ್ದು ಒಂದು ಸಣ್ಣ ಪಾಲು ಮಾತ್ರ. ಬಾಬ್ ಆ ಕೊಲೆಯನ್ನೇ ನಾಟಕವಾಗಿ ರಂಗದ ಮೇಲೆ ಆಡಿ ತೋರಿಸಿ ಹೊಟ್ಟೆ ಹೊರೆದ. ಜನ ಅವನನ್ನು ಹೇಡಿ ಅಂತಲೇ ಕರೆದರು. ಹತ್ತು ವರ್ಷದ ನಂತರ ಅವನೂ ಗುಂಡೇಟಿಗೆ ಸತ್ತ.

ನಮ್ಮ ದೇಶದಲ್ಲಿ 1857ರ ದಂಗೆಯ ಹೊತ್ತಿಗೆ ಬ್ರಿಟಿಷರು ದಂಗೆಯ ನಾಯಕರನ್ನು ಹಿಡಿದುಕೊಟ್ಟವರಿಗೆ ಇನಾಮಿನ ಪಟ್ಟಿಯನ್ನೇ ಹೊರಡಿಸಿದರು. ನಾನಾಸಾಹೇಬನಿಗೆ 1 ಲಕ್ಷ ರೂಪಾಯಿ. ಫೈಜಾಬಾದಿನ ಮೌಲವಿ ಅಹ್ಮದುಲ್ಲಾ ಶಾಹನಿಗೆ 50 ಸಾವಿರ. ನಾನಾಸಾಹೇಬ ಸಿಗಲೇ ಇಲ್ಲ. ಮೌಲವಿ 1858ರ ಜೂನ್‌ನಲ್ಲಿ ನೆರವು ಕೇಳಿಕೊಂಡು ಪವಾಯನ್ ರಾಜನ ಕೋಟೆಗೆ ಹೋದ. ಬಾಗಿಲು ತೆರೆಯಲಿಲ್ಲ, ಒಳಗಿನಿಂದ ಗುಂಡು ಬಂತು. ರಾಜ ಅವನ ತಲೆ ಕಡಿದು ಶಹಜಹಾನ್‌ಪುರದ ಅಧಿಕಾರಿಗೆ ಒಪ್ಪಿಸಿ 50 ಸಾವಿರ ಪಡೆದ. ತಾತ್ಯಾ ಟೋಪೆಯನ್ನು ಮರುವರ್ಷ ಹಿಡಿದುಕೊಟ್ಟವನು ಮಾನ್‌ಸಿಂಗ್, ಅವನಿಗೆ ಕಾಡಿನಲ್ಲಿ ಆಸರೆ ಕೊಟ್ಟಿದ್ದ ಗೆಳೆಯ. ನಮ್ಮ ಸಂಗೊಳ್ಳಿ ರಾಯಣ್ಣನದೂ ಅದೇ ಕಥೆ. ತನ್ನವರ ಮೋಸದಿಂದಲೇ ಸಿಕ್ಕಿಬಿದ್ದ, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ. ಲಾವಣಿ ಹಾಡುವವರು ಆ ಮೋಸದ ಜಾಗ ಬಂದಾಗ ದನಿ ಇಳಿಸುವುದನ್ನು ನಾನು ಜಾತ್ರೆಗಳಲ್ಲಿ ಕೇಳಿದ್ದೇನೆ. ವೀರಪ್ಪನ್ ತಲೆಗೆ ಎರಡು ರಾಜ್ಯಗಳು ದೊಡ್ಡ ಬಹುಮಾನ ಇಟ್ಟಿದ್ದವು. ಅವನೂ 2004ರ ಅಕ್ಟೋಬರ್ 18ರಂದು ತನ್ನವರದೇ ಅಂತ ನಂಬಿ ಹತ್ತಿದ ಆಂಬುಲೆನ್ಸಿನಲ್ಲೇ ಸಿಕ್ಕಿಬಿದ್ದು ಸತ್ತ.

ನಮ್ಮ ಸುರಪುರದ ಕಥೆಯನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಸುರಪುರದಲ್ಲಿ ಬ್ರಿಟಿಷರ ಪರವಾಗಿ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಹೆಸರು ಕೇಳಿರಬೇಕು. ಟೇಲರ್ ಮಂಜಿಲ್ ಈಗಲೂ ಗುಡ್ಡದ ಮೇಲಿದೆ. ಅಲ್ಲಿಗೆ ಬರುವ ಮೊದಲೇ, 1839ರಲ್ಲಿ, ದಾರಿಹೋಕರನ್ನು ಕೊಂದು ದೋಚುತ್ತಿದ್ದ ಠಗ್ಗರ ಬಗ್ಗೆ ಕಾದಂಬರಿ ಬರೆದು ಹೆಸರಾದವನು. ಠಗ್ಗರನ್ನು ಹಿಡಿಯಲು ಸರ್ಕಾರ ಬಳಸಿದ್ದು ಸಿಕ್ಕಿಬಿದ್ದ ಠಗ್ಗರನ್ನೇ. ಜೊತೆಗಾರರ ಹೆಸರು ಹೇಳಿದರೆ ಜೀವ ಉಳಿಯುತ್ತಿತ್ತು. ಮಾಫಿ ಸಾಕ್ಷಿ ಅನ್ನುತ್ತೇವಲ್ಲ, ಅದು. ಕಾದಂಬರಿಯ ನಾಯಕನೂ ಅಂಥವನೇ.

ಅದೇ ಟೇಲರ್ ಸುರಪುರದ ಬಾಲರಾಜ ನಾಲ್ವಡಿ ವೆಂಕಟಪ್ಪ ನಾಯಕನನ್ನು ಹತ್ತಿರದಿಂದ ಬೆಳೆಸಿದ. ಹುಡುಗ ಅವನನ್ನು ಅಪ್ಪಾ ಅಂತಲೇ ಕರೆಯುತ್ತಿದ್ದ. 1858ರ ಫೆಬ್ರವರಿಯಲ್ಲಿ ರಾಜ ಬ್ರಿಟಿಷರ ವಿರುದ್ಧ ನಿಂತ, ಸೋತ, ಹೈದರಾಬಾದಿನಲ್ಲಿ ಸೆರೆಸಿಕ್ಕ. ಟೇಲರ್ ಸೆರೆಮನೆಗೆ ಹೋಗಿ ಮಾತಾಡಿದ. ನಿನ್ನನ್ನು ಎತ್ತಿಕಟ್ಟಿದವರು ಯಾರು, ಹೇಳಿದರೆ ದಯೆ ಸಿಗಬಹುದು ಅನ್ನುವ ಮಾತು ಅಲ್ಲಿ ಬಂತು. ರಾಜ ಯಾರ ಹೆಸರನ್ನೂ ಹೇಳಲಿಲ್ಲ. ಇದನ್ನು ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಅದೇ ವರ್ಷ ಸೆರೆಯಲ್ಲಿದ್ದಾಗಲೇ ರಾಜ ಗುಂಡೇಟಿನಿಂದ ತೀರಿಕೊಂಡ. ಇನ್ನೂ ಯುವಕ. ಯಾದಗಿರಿ ಕಡೆ ಹೋದಾಗಲೆಲ್ಲ ನನಗೆ ಅವನ ನೆನಪಾಗುತ್ತದೆ. ಇಷ್ಟೆಲ್ಲ ತಲೆಬೆಲೆಯ ಕಥೆಗಳನ್ನು ಓದಿದ ಮೇಲೆ ನನ್ನ ಮನಸ್ಸಿನಲ್ಲಿ ನಿಂತವನು, ಜೀವ ಉಳಿಸಿಕೊಳ್ಳುವ ಅವಕಾಶವಿದ್ದಾಗಲೂ ಇನ್ನೊಬ್ಬರ ತಲೆಯನ್ನು ಮಾರದ ಆ ರಾಜ.

ಇನಾಮು ಇಟ್ಟರೆ ಅಪರಾಧ ಕಡಿಮೆಯಾಗುತ್ತದೆ ಅಂತ ಸಿನಿಮಾ ನೋಡಿದವರಿಗೆ ಅನಿಸುತ್ತದೆ. ನಡೆದದ್ದು ಬೇರೆ. ಲಂಡನ್ನಿನಲ್ಲಿ ಪೊಲೀಸ್ ಇಲಾಖೆ ಇರದ ಕಾಲದಲ್ಲಿ, 1692ರ ಒಂದು ಕಾನೂನು ಹೆದ್ದಾರಿ ದರೋಡೆಕೋರನನ್ನು ಹಿಡಿದು ಶಿಕ್ಷೆ ಕೊಡಿಸಿದವರಿಗೆ 40 ಪೌಂಡ್ ಕೊಡುತ್ತಿತ್ತು. ಜೋನಾಥನ್ ವೈಲ್ಡ್ ಎಂಬವನು ಕಳ್ಳರನ್ನು ಹಿಡಿಯುವುದರಲ್ಲಿ ಎತ್ತಿದ ಕೈ ಅನಿಸಿಕೊಂಡ. ಕಳ್ಳರ ಗುಂಪನ್ನು ಸಾಕಿದ್ದವನೂ ಅವನೇ. ಕದ್ದ ಮಾಲನ್ನು ಒಡೆಯರಿಗೇ ವಾಪಸ್ ಕೊಡಿಸಿ ಹಣ ಪಡೆಯುತ್ತಿದ್ದ. ಮಾತು ಕೇಳದ ಕಳ್ಳನನ್ನು ಗಲ್ಲಿಗೆ ಕಳಿಸಿ 40 ಪೌಂಡ್ ಎಣಿಸುತ್ತಿದ್ದ. 1725ರಲ್ಲಿ ಅವನನ್ನೇ ಗಲ್ಲಿಗೆ ಹಾಕಿದರು. ಆಮೇಲೂ ನಿಲ್ಲಲಿಲ್ಲ. 1750ರ ದಶಕದಲ್ಲಿ ಇನ್ನೊಂದು ಗುಂಪು ಬಡ ಹುಡುಗರನ್ನು ಪುಸಲಾಯಿಸಿ ದರೋಡೆ ಮಾಡಿಸಿ, ತಾವೇ ಹಿಡಿದು, ತಾವೇ ಸಾಕ್ಷಿ ಹೇಳಿ ಇನಾಮು ಪಡೆಯುತ್ತಿತ್ತು ಅಂತ ಬಯಲಾಯಿತು. ಮೆಕ್ಸಿಕೊದ ಚಿವಾವಾ ರಾಜ್ಯ ಅಪಾಚೆ ಬುಡಕಟ್ಟಿನವರ ನೆತ್ತಿಯ ಚರ್ಮಕ್ಕೆ ಬೆಲೆ ಕಟ್ಟಿತ್ತು. ಗ್ಲಾಂಟನ್ ಎಂಬವನ ಗುಂಪು ಏನೂ ಮಾಡದ ರೈತಾಪಿ ಬುಡಕಟ್ಟು ಜನರನ್ನು, ಕೊನೆಗೆ ಮೆಕ್ಸಿಕೊದವರನ್ನೇ ಕೊಂದು ಅದೇ ಚರ್ಮ ಅಂತ ತೋರಿಸಿತು. ಚರ್ಮಕ್ಕೆ ಹೆಸರು ಬರೆದಿರುವುದಿಲ್ಲವಲ್ಲ.

ಎಲ್ಲಕ್ಕಿಂತ ಕ್ರೂರವಾದದ್ದು ಅಮೆರಿಕದ 1850ರ ಓಡಿಹೋದ ಗುಲಾಮರ ಕಾನೂನು. ಹಿಡಿದು ತಂದ ಮನುಷ್ಯ ಗುಲಾಮನೇ ಅಂತ ತೀರ್ಮಾನಿಸಿದರೆ ಅಧಿಕಾರಿಗೆ 10 ಡಾಲರ್. ಸ್ವತಂತ್ರ ಅಂತ ಬಿಟ್ಟರೆ 5 ಡಾಲರ್. ಸಿಕ್ಕಿಬಿದ್ದ ಮನುಷ್ಯನಿಗೆ ತನ್ನ ಪರ ಸಾಕ್ಷಿ ಹೇಳುವ ಹಕ್ಕೂ ಇರಲಿಲ್ಲ. ಬೌಂಟಿ ಹಂಟರ್ ಅನ್ನುವ ಪದ ಕೇಳಿದಾಗ ಟೋಪಿ, ಕುದುರೆ ಮಾತ್ರ ನೆನಪಾದರೆ ಸಾಲದು ತಮ್ಮಾ, ಇದೂ ನೆನಪಾಗಬೇಕು.

ಇಷ್ಟಾದರೂ ಕಥೆಗಳಲ್ಲಿ ಅವನು ನಮಗೆ ಯಾಕೆ ಇಷ್ಟವಾಗುತ್ತಾನೆ? ನಾನು ಗಮನಿಸಿದ್ದು ಒಂದು. ಒಳ್ಳೆಯ ಕಥೆಗಾರರು ಕೊನೆಯಲ್ಲಿ ಅವನ ಕೈಯಿಂದ ಹಣ ಬಿಡಿಸುತ್ತಾರೆ. ಸರ್ಜಿಯೊ ಲಿಯೋನೆ 1965ರಲ್ಲಿ ಮಾಡಿದ 'ಫಾರ್ ಎ ಫ್ಯೂ ಡಾಲರ್ಸ್ ಮೋರ್' ಚಿತ್ರದಲ್ಲಿ ಮುದಿ ಕರ್ನಲ್ ತನ್ನ ಪಾಲು ಬೇಡ ಅಂತ ಹೊರಟುಬಿಡುತ್ತಾನೆ. ಅವನು ಬಂದಿದ್ದು ತಂಗಿಯ ಸಾವಿನ ಲೆಕ್ಕ ತೀರಿಸಲು. 2019ರ 'ದಿ ಮ್ಯಾಂಡಲೋರಿಯನ್' ಸರಣಿಯಲ್ಲಿ ಬೇಟೆಗಾರ ಮಗುವನ್ನು ಒಪ್ಪಿಸಿ ಕೂಲಿ ಪಡೆದವನು ಮನಸ್ಸು ತಡೆಯದೆ ವಾಪಸ್ ಹೋಗಿ ಅದನ್ನು ಬಿಡಿಸಿಕೊಳ್ಳುತ್ತಾನೆ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ 'ಶೋಲೆ'ಯಲ್ಲಿ ಗಬ್ಬರ್ ತಲೆಗೆ ಸರ್ಕಾರದ ಇನಾಮು 50 ಸಾವಿರ, ಅದರ ಮೇಲೆ ಠಾಕೂರ್ ಕೊಡುವುದು 20 ಸಾವಿರ. ಆದರೆ ಕೊನೆಗೆ ಆ ಲೆಕ್ಕ ಕೇಳುವವರು ಯಾರೂ ಇಲ್ಲ. ನನಗೆ ಜಾಸ್ತಿ ಹಿಡಿಸಿದ್ದು 1968ರ ಫಿಲಿಪ್ ಕೆ. ಡಿಕ್ ಕಾದಂಬರಿ, 'ಬ್ಲೇಡ್ ರನ್ನರ್' ಚಿತ್ರದ ಮೂಲ. ಪ್ರಾಣಿಗಳೆಲ್ಲ ಸತ್ತುಹೋಗುತ್ತಿರುವ ಭೂಮಿಯಲ್ಲಿ ಯಂತ್ರಮಾನವರನ್ನು ಬೇಟೆಯಾಡುವ ನಾಯಕನಿಗೆ ಒಂದೇ ಆಸೆ, ಸಾಕಲು ಜೀವಂತ ಪ್ರಾಣಿಯೊಂದು ಬೇಕು. ಇನಾಮಿನ ಹಣದಲ್ಲಿ ಅವನು ಒಂದು ಆಡು ಕೊಳ್ಳುತ್ತಾನೆ. ಕೊಂದು ಗಳಿಸಿದ ಹಣದಲ್ಲಿ ಜೀವ ಕೊಳ್ಳುವ ಮನುಷ್ಯ. ಆಡು ಸಾಕಿದ ಮನೆಯಲ್ಲಿ ಬೆಳೆದ ನನಗೆ ಆ ಪುಟಗಳನ್ನು ಮರೆಯಲು ಆಗಿಲ್ಲ.

ನಮ್ಮ ದೇಶದಲ್ಲಿ ಈ ಕೆಲಸ ಮಾಡಬಹುದಾ ಅಂತ ಕೇಳಿದ್ದೀಯ. ವೃತ್ತಿಯಾಗಿ ಇಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ ಸಾಮಾನ್ಯ ಮನುಷ್ಯನೂ ಎರಡು ಸಂದರ್ಭದಲ್ಲಿ ಒಬ್ಬನನ್ನು ಹಿಡಿಯಬಹುದು. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನಿಲ್ಲದ ಅಪರಾಧವನ್ನು ಅವನು ನಿನ್ನ ಕಣ್ಣೆದುರೇ ಮಾಡಿದರೆ ಒಂದು. ಕೋರ್ಟು ಅವನನ್ನು ಘೋಷಿತ ಅಪರಾಧಿ ಅಂತ ಸಾರಿದ್ದರೆ ಇನ್ನೊಂದು. ಹಿಡಿದ ಮೇಲೆ ತಡಮಾಡದೆ, 6 ಗಂಟೆಯ ಒಳಗೆ ಪೊಲೀಸರಿಗೆ ಒಪ್ಪಿಸಬೇಕು. ನಿನ್ನ ಕಾಕಾನ ಕೇಸಿನ ಆರೋಪಿ ಎರಡು ತಾರೀಖು ತಪ್ಪಿಸಿದ ಮಾತ್ರಕ್ಕೆ ಘೋಷಿತ ಅಪರಾಧಿ ಆಗುವುದಿಲ್ಲ. ಪೊಲೀಸರು ಇಡುವ ಬಹುಮಾನವೂ ಸುಳಿವು ಕೊಟ್ಟವರಿಗೆ. ನಿನ್ನಂಥ ಓದಿದ ಹುಡುಗರಿಗೆ ಮುಕ್ತವಾಗಿರುವ ಬೇಟೆ ಒಂದಿದೆ, ಬಗ್ ಬೌಂಟಿ. ತಮ್ಮ ಸಾಫ್ಟ್‌ವೇರ್‌ನ ದೋಷ ಹುಡುಕಿಕೊಟ್ಟವರಿಗೆ ಕಂಪನಿಗಳು ಹಣ ಕೊಡುತ್ತವೆ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿ ಇದನ್ನು ಶುರುಮಾಡಿತು. ಕಂಪನಿ ತಾನೇ ಕರೆದಿದ್ದರೆ, ಅದು ಹೇಳಿದ ಮಿತಿಯೊಳಗೆ ಮಾತ್ರ ಹುಡುಕಬೇಕು. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಕಂಪ್ಯೂಟರಿಗೆ ನುಗ್ಗಿದರೆ ಐಟಿ ಕಾಯ್ದೆಯಲ್ಲಿ ಅಪರಾಧ.

ಈಗ ಕಾಕಾನ ವಿಷಯ. ಬಾಂಡು, ಅಂದರೆ ಅವರು ಸಹಿ ಮಾಡಿದ ಜಾಮೀನಿನ ಕಾಗದ, ಮುಟ್ಟುಗೋಲಾಗುವ ಮೊದಲೇ ಅವರು ಅದೇ ಕೋರ್ಟಿಗೆ ಅರ್ಜಿ ಕೊಡಲಿ. ನಾಗರಿಕ ಸುರಕ್ಷಾ ಸಂಹಿತೆಯ 489ನೇ ಕಲಂ ಕೆಳಗೆ 'ನನ್ನನ್ನು ಈ ಜಾಮೀನಿನಿಂದ ಬಿಡುಗಡೆ ಮಾಡಿ' ಅಂತ ಕೇಳುವ ಹಕ್ಕು ಅವರಿಗಿದೆ. ಆಗ ಆರೋಪಿಯನ್ನು ಹಿಡಿದು ತರಲು ಕೋರ್ಟೇ ವಾರಂಟ್ ಹೊರಡಿಸುತ್ತದೆ. ಪುಣೆಗೆ ಹೋಗುವವರು ಪೊಲೀಸರು. ಅವನು ಬಂದ ಮೇಲೆ, ಅಥವಾ ತಾನಾಗಿ ಶರಣಾದ ಮೇಲೆ, ಕಾಕಾನ ಹೊಣೆ ಮುಗಿಯುತ್ತದೆ. ಅವನು ಬೇರೆ ಜಾಮೀನುದಾರರನ್ನು ಹುಡುಕಿಕೊಳ್ಳಬೇಕು. ಪುಣೆಯ ವಿಳಾಸ, ಫೋನ್ ನಂಬರ್ ಏನೇ ಗೊತ್ತಿದ್ದರೂ ಅರ್ಜಿಯಲ್ಲಿ ಬರೆಸಲಿ.

ಬಾಂಡು ಈಗಾಗಲೇ ಮುಟ್ಟುಗೋಲಾಗಿದ್ದರೆ ಕೋರ್ಟಿನಿಂದ ನೋಟಿಸ್ ಬರುತ್ತದೆ, ಹಣ ಕಟ್ಟು ಅಥವಾ ಕಾರಣ ಹೇಳು ಅಂತ. ಅದನ್ನು ಮನೆಯಲ್ಲಿ ಸುಮ್ನೆ ಇಟ್ಟುಕೊಂಡು ಕೂತರೆ ಕಷ್ಟ. ಹಣ ವಸೂಲಾಗದಿದ್ದರೆ ಜಾಮೀನುದಾರನನ್ನು 6 ತಿಂಗಳವರೆಗೆ ಸಿವಿಲ್ ಜೈಲಿನಲ್ಲಿ ಇಡಲೂ ಅವಕಾಶವಿದೆ. ಖುದ್ದಾಗಿ ಹೋಗಿ, ಹುಡುಕಲು ಏನೇನು ಪ್ರಯತ್ನ ಮಾಡಿದೆ ಅಂತ ಹೇಳಿಕೊಂಡರೆ, 491ನೇ ಕಲಂ ಪ್ರಕಾರ ಕೋರ್ಟು ದಂಡದಲ್ಲಿ ಒಂದು ಪಾಲು ಮಾಫಿ ಮಾಡಬಹುದು. ಹಾಗೆ ಮಾಡಿದ್ದನ್ನು ನಾನು ನೋಡಿದ್ದೇನೆ.

ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಬಾಂಡಿನ ನಕಲು ಎಲ್ಲಿದೆ ಅಂತ ಕಾಕಾನನ್ನು ಇವತ್ತೇ ಕೇಳು. ಸಿಗದಿದ್ದರೆ ಕೇಸ್ ನಂಬರ್ ಸಾಕು, ಇ-ಕೋರ್ಟ್ಸ್ ಆಪ್‌ನಲ್ಲಿ ಹಾಕಿದರೆ ಮುಂದಿನ ತಾರೀಖು ಕಾಣಿಸುತ್ತದೆ. ಆ ತಾರೀಖಿಗೆ ಕಾಯದೆ ಅದಕ್ಕೂ ಮೊದಲೇ ಕೋರ್ಟಿಗೆ ಹೋಗಿ. ನೀನೂ ಜೊತೆಗೆ ಹೋಗು.